ಒಂದು ಗೇಣು ಮೇಲಿದ್ದ ಸೂರ್ಯ

ಸೂರ್ಯ ಮುಳುಗಿರಬೇಕಿತ್ತು. ಕಳೆದ ವಾರ ವಿಮಾನದ ಚಕ್ರಗಳು ನೆಲ ಮುಟ್ಟಿದಾಗ ಕಂಪ್ಯೂಟರಿನ ಪರದೆಯ ಮೇಲೆ ಸೂರ್ಯ ಇನ್ನೂ ಸಮುದ್ರಕ್ಕಿಂತ ಒಂದು ಗೇಣು ಮೇಲಿದ್ದ. ರನ್‌ವೇ ತುಂಬ ಹಳದಿ ಬೆಳಕು ಚೆಲ್ಲಿತ್ತು, ಅವನು ಚೆನ್ನಾಗಿದೆ ಎಂದುಕೊಂಡು ಊಟ ಮಾಡಿ ಮಲಗಿದ್ದ. ಅನುಮಾನ ಬಂದದ್ದು ಆಮೇಲೆ, ಒಂದು ಬೆಳಿಗ್ಗೆ ಹಲ್ಲುಜ್ಜುವಾಗ. ಬ್ರಶ್ಶು ಬಾಯಲ್ಲೇ ನಿಂತಿತು. ಆ ದಿನ ಅವನು ಕೆಲಸದಿಂದ ಮನೆಗೆ ಬಂದದ್ದೇ ತಡವಾಗಿ. ಬಸ್ಸು ಕೆಟ್ಟು ನಿಂತು, ಅರ್ಧ ದಾರಿ ನಡೆದು, ಬೆಳಿಗ್ಗೆ ಹಾರಲು ಬಿಟ್ಟುಹೋದ ವಿಮಾನ ಇಷ್ಟರಲ್ಲಿ ಊರು ದಾಟಿ ಹೋಗಿರುತ್ತದೆ ಎಂದು ಎರಡೆರಡು ಮೆಟ್ಟಿಲು ಹಾರಿ ಹತ್ತಿದ್ದ. ಬಂದು ನೋಡಿದರೆ ಎಂದಿನ ಹಾಗೆ ಇಳಿಯಲು ಶುರು ಮಾಡುವ ಜಾಗಕ್ಕೆ ಇನ್ನೂ ಸ್ವಲ್ಪ ದೂರವಿತ್ತು. ಎದುರುಗಾಳಿ ಜೋರಾಗಿದ್ದಿರಬೇಕು, ನನ್ನ ಪುಣ್ಯ ಎಂದುಕೊಂಡಿದ್ದ. ಈಗ ಬಾಯಿ ತುಂಬ ನೊರೆ ಇಟ್ಟುಕೊಂಡು ಯೋಚಿಸಿದ: ಎದುರುಗಾಳಿ ವಿಮಾನವನ್ನು ತಡೆದೀತು, ಸೂರ್ಯನನ್ನು ತಡೆಯುವುದುಂಟೇ? ವಿಮಾನ ತಡವಾದರೆ ಸೂರ್ಯ ಅಷ್ಟು ಹೊತ್ತಿಗೆ ಮುಳುಗಿರಬೇಕು. ಎರಡೂ ಒಟ್ಟಿಗೆ ತಡವಾಗಿವೆ ಎಂದರೆ ಯಾರೋ ಎರಡನ್ನೂ ಒಟ್ಟಿಗೆ ನಿಲ್ಲಿಸಿದ್ದಾರೆ. ನಿಲ್ಲಿಸಲು ಕೀಬೋರ್ಡಿನಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ವಿಮಾನ, ಮೋಡ, ಸಮುದ್ರ, ಸೂರ್ಯ ಎಲ್ಲ ಇದ್ದಲ್ಲೇ ನಿಲ್ಲುತ್ತವೆ. ಇನ್ನೊಮ್ಮೆ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತವೆ. ಅವನು ತನ್ನ ಜನ್ಮದಲ್ಲಿ ಆ ಗುಂಡಿ ಮುಟ್ಟಿದವನಲ್ಲ.

ಇವತ್ತು ಬೆಳಿಗ್ಗೆ ಅದೇ ಊರಿಗೆ, ಅದೇ ದಾರಿಯಲ್ಲಿ ವಿಮಾನ ಏರಿಸುವಾಗ ಅವನ ಗಮನವೆಲ್ಲ ಬೆನ್ನ ಹಿಂದಿನ ಬಾಗಿಲ ಮೇಲಿತ್ತು. ಹಿತ್ತಿಲ ಮೆಟ್ಟಿಲ ಪಕ್ಕದ ಈ ಚಿಕ್ಕ ಕೋಣೆಯನ್ನು ಅವನು ವರ್ಷಗಳಿಂದ ಒಂದೊಂದೇ ತುಣುಕು ಸೇರಿಸಿ ಕಟ್ಟಿದ್ದ: ಮೂರು ಪರದೆ, ಹಳೆಯ ಕಾರಿನಿಂದ ಕಿತ್ತು ತಂದ ಎರಡು ಕುರ್ಚಿ, ಚಕ್ರ ಇಳಿಸುವ ಕಪ್ಪು ಹಿಡಿಯ ಸನ್ನೆಗೋಲು. ಎಡಗಡೆಯ ಕುರ್ಚಿ ಅವನದು. ಬಲಗಡೆಯದು ಕೋ-ಪೈಲಟ್‌ನದು. ಅಂಥವರು ಯಾರೂ ಇಲ್ಲದ್ದರಿಂದ ಅದರ ಮೇಲೆ ಇಸ್ತ್ರಿಗೆ ಕೊಡುವ ಬಟ್ಟೆ ಬಿದ್ದಿರುತ್ತಿತ್ತು. ಹೆಂಡತಿ ಟೀ ತಂದಿಟ್ಟು, ಎಂದಿನಂತೆ ಕೇಳಿದಳು, "ಇವತ್ತು ಎಷ್ಟೊತ್ತಿಗೆ ಇಳಿಯೋದು?"

"ಯಾಕೆ?"

"ಯಾಕೂ ಇಲ್ಲ. ಸುಮ್ನೆ ಕೇಳಿದೆ."

"ಕತ್ತಲಾಗೋ ಹೊತ್ತಿಗೆ."

"ನೀವು ಬರೋದು ತಡ ಆಗತ್ತಾ?"

ಈ ಎರಡು ಪ್ರಶ್ನೆಗಳನ್ನು ಅವಳು ಎಷ್ಟು ವರ್ಷದಿಂದ ಕೇಳುತ್ತ ಬಂದಿದ್ದಾಳೆ. ಗಂಡನ ಹವ್ಯಾಸದಲ್ಲಿ ಆಸಕ್ತಿ ಎಂದೇ ಅವನು ಭಾವಿಸಿದ್ದ. ಒಮ್ಮೆ ಅವಳ ತಮ್ಮನೆದುರು "ನನ್ನ ಹೆಂಡ್ತಿಗೆ ವಿಮಾನ ಇಳಿಯೋ ಟೈಮ್ ಕೂಡ ಬಾಯಿಪಾಠ" ಎಂದು ಹೆಮ್ಮೆಯಿಂದ ಹೇಳಿದ್ದ. ಆಗ ಭಾಮೈದ ನಕ್ಕಿದ್ದ, ಹೆಂಡತಿ ನಗದೆ ಅಡುಗೆಮನೆಗೆ ಹೋಗಿದ್ದಳು. ಆ ನಗು ಈಗ ಬೇರೆಯಾಗಿ ಕೇಳಿಸಿತು. ಈ ಯಂತ್ರ ಕೂರಿಸಿಕೊಟ್ಟವನೇ ಭಾಮೈದ. ಮಧ್ಯಾಹ್ನದ ಹೊತ್ತು ಬಂದುಹೋಗುತ್ತಾನೆ. ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಅರ್ಧ ದಿನದ ಕೆಲಸ ಮುಗಿಸಿ ಬರುವುದೂ ಅದೇ ಹೊತ್ತಿಗೆ. ಅಕ್ಕ ತಮ್ಮ ಸೇರಿ ಅವನ ವಿಮಾನವನ್ನು ಆಕಾಶದಲ್ಲಿ ನಿಲ್ಲಿಸಿ, ಬೇರೇನೋ ಆಟ ಆಡಿ, ಅವನ ಬಗ್ಗೆ ನಕ್ಕು, ಸಂಜೆ ಏನೂ ಆಗದವರಂತೆ ಇರುತ್ತಾರೋ ಏನೋ. "ತಡ ಆಗಲ್ಲ," ಎಂದ. ಅವಳು ಹೋದ ಮೇಲೆ ಬಚ್ಚಲಮನೆಯ ಗೂಡಿನಿಂದ ಅವಳ ಪೌಡರಿನ ಡಬ್ಬಿ ತಂದು, ಚಿಟಿಕೆಯಷ್ಟನ್ನು ಆ ಗುಂಡಿಯ ಮೇಲೆ ಉದುರಿಸಿ, ಮೆಲ್ಲಗೆ ಊದಿದ. ಕಾಣಿಸೀ ಕಾಣದಷ್ಟು ಉಳಿಯಿತು. ತಾನು ಮಾಡುತ್ತಿರುವುದು ನಾಚಿಕೆಗೇಡು ಎಂದು ಅವನಿಗೆ ಗೊತ್ತಿತ್ತು, ಆದರೂ ಡಬ್ಬಿಯನ್ನು ಇದ್ದ ಜಾಗದಲ್ಲೇ, ಮುಚ್ಚಳದ ಹೂವು ಅದೇ ಕಡೆ ತಿರುಗಿರುವಂತೆ ಇಟ್ಟು ಬಂದ.

ಅನುಮಾನ ಅವನ ಹೊಟ್ಟೆಪಾಡು. ಅವನು ತಕ್ಕಡಿ ಇನ್‌ಸ್ಪೆಕ್ಟರ್. ಅಂಗಡಿ ಅಂಗಡಿಗೆ ಹೋಗಿ ತೂಕದ ಯಂತ್ರಗಳನ್ನು ಪರೀಕ್ಷಿಸಿ ಸರಿಯಿದ್ದರೆ ಸೀಲು ಹಾಕುವುದು, ಇಲ್ಲದಿದ್ದರೆ ಎತ್ತಿಕೊಂಡು ಹೋಗುವುದು. ತಟ್ಟೆಯ ಅಡಿಗೆ ಅಂಟಿಸಿದ ಮೇಣ, ಬುಡದಲ್ಲಿ ಇಟ್ಟ ಅಯಸ್ಕಾಂತ, ಮಾತಾಡುತ್ತ ತಟ್ಟೆಯ ಅಂಚಿಗೆ ತಾಗಿಸುವ ಹೆಬ್ಬೆರಳು, ಎಲ್ಲ ನೋಡಿದ್ದಾನೆ. ಅಂಗಡಿಯವರು ಅವನನ್ನು ಕಂಡ ಕೂಡಲೇ ಕುರ್ಚಿ ಒರೆಸುತ್ತಾರೆ, ಮನೆಯಲ್ಲಿ ಎಲ್ಲ ಸೌಖ್ಯವೇ ಎನ್ನುತ್ತಾರೆ. ಆ ವಿನಯವನ್ನೂ ಅವನು ಮನಸ್ಸಿನಲ್ಲೇ ತೂಗಿ ನೋಡುತ್ತಾನೆ. ಇಂಥ ಲೋಕದಲ್ಲಿ ದಿನವೆಲ್ಲ ಸುತ್ತುವವನಿಗೆ ಒಂದಾದರೂ ಅಪ್ಪಟವಾದದ್ದು ಬೇಕಲ್ಲ, ಅದಕ್ಕೇ ಆ ಕೋಣೆ. ವಿಮಾನ ಓಡಿಸುವ ಹವ್ಯಾಸದವರ ಒಂದು ಗುಂಪಿನಲ್ಲಿ ಅವನೂ ಸ್ವಲ್ಪ ಕಾಲ ಇದ್ದ. ಅಲ್ಲಿ ಬಹಳ ಮಂದಿ ಅನುಕೂಲಸ್ಥರು. ದೂರದ ಹಾರಾಟವನ್ನು ಹದಿನಾರು ಪಟ್ಟು ವೇಗದಲ್ಲಿ ಓಡಿಸಿ ಮುಗಿಸುವವರು, ಸಮುದ್ರ ಬೇಸರವೆಂದು ನೇರವಾಗಿ ಇಳಿಯುವ ಘಟ್ಟಕ್ಕೆ ಹಾರಿಕೊಳ್ಳುವವರು, ನಿದ್ದೆ ಬಂದರೆ ನಿಲ್ಲಿಸಿ ಮಲಗುವವರು. ಅವನು ಅಂಥವರಿಗೆಲ್ಲ ಉದ್ದುದ್ದ ಬರೆದು ಬುದ್ಧಿ ಹೇಳುತ್ತಿದ್ದ. ಹತ್ತು ಗಂಟೆಯ ಹಾರಾಟವೆಂದರೆ ಹತ್ತು ಗಂಟೆ. ಗಡಿಯಾರದ ಜೊತೆ ಮೋಸ ಮಾಡಿದವನು ಗಾಳಿಯ ಜೊತೆ ಏನು ನ್ಯಾಯವಾಗಿರುತ್ತಾನೆ? ಒಂದು ದಿನ ಗುಂಪಿನಲ್ಲಿ ಮೋಡಣ್ಣ ಎಂದು ಕರೆಸಿಕೊಳ್ಳುತ್ತಿದ್ದ ಒಬ್ಬ ಕೇಳಿದ: "ಎಲ್ಲ ಸರಿ ಸ್ವಾಮಿ, ನಿಜವಾದ ಪೈಲಟ್ ವಿಮಾನ ಏರಿಸಿ, ಮಧ್ಯೆ ಇಳಿದು ಆಫೀಸಿಗೆ ಹೋಗಿ, ಟಿಫಿನ್ ಕ್ಯಾರಿಯರ್ ಖಾಲಿ ಮಾಡ್ಕೊಂಡು ವಾಪಸ್ ಬರ್ತಾನಾ?" ಗುಂಪಿಗೆ ಗುಂಪೇ ನಕ್ಕಿತು. ಆ ಹೊತ್ತಲ್ಲಿ ಕೋ-ಪೈಲಟ್ ನೋಡಿಕೊಳ್ಳುತ್ತಾನೆ ಎಂದು ಅವನು ಬರೆದ. ಯಾರದು ಕೋ-ಪೈಲಟ್ಟು, ಪರಿಚಯ ಮಾಡಿಸಿ ಎಂದು ಮೋಡಣ್ಣ ಬೆನ್ನು ಬಿಡಲಿಲ್ಲ. ಅವನು ಗುಂಪು ಬಿಟ್ಟ. ಆದರೆ ಆ ಮಾತು ಇವತ್ತಿಗೂ ಚುಚ್ಚುತ್ತದೆ, ಬಸ್ಸಿನಲ್ಲಿ ಕೂತಾಗ ಇನ್ನೂ ಹೆಚ್ಚು. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ, ಆ ಹೊತ್ತಿನಲ್ಲಿ ಸಮುದ್ರದ ಮೇಲೆ ಒಂಟಿಯಾಗಿ ಹೋಗುತ್ತಿರುವ ತನ್ನ ವಿಮಾನ ನೆನಪಾಗುತ್ತದೆ. ಇನ್ನೂರೈವತ್ತು ಸೀಟುಗಳು, ಎದುರಿನ ಎರಡೂ ಕುರ್ಚಿ ಖಾಲಿ.

ಮೊಳೆ, ಬೋಲ್ಟು, ಸರಪಳಿ ಮಾರುವ ಅಂಗಡಿಯೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮುದುಕಿ ಇವತ್ತು ಕುರ್ಚಿ ಒರೆಸಲಿಲ್ಲ. ಅವನು ತನ್ನ ಪೆಟ್ಟಿಗೆಯಿಂದ ಹಿತ್ತಾಳೆಯ ತೂಕದ ಬಟ್ಟುಗಳನ್ನು ತೆಗೆದು ಅವಳ ಯಂತ್ರದ ಮೇಲಿಟ್ಟ. ಯಂತ್ರ ಸುಳ್ಳು ಹೇಳಿತು, ಆದರೆ ಅವನು ಕಾದಿದ್ದ ಸುಳ್ಳಲ್ಲ. ಇಟ್ಟ ತೂಕಕ್ಕಿಂತ ಕಡಿಮೆ ತೋರಿಸುತ್ತಿತ್ತು. ಎಂದರೆ ಗಿರಾಕಿ ಕೇಳಿದ್ದಕ್ಕಿಂತ ಹೆಚ್ಚು ಮೊಳೆ ಒಯ್ಯುತ್ತಿದ್ದ. ಬಟ್ಟು ಬದಲಿಸಿ ಮತ್ತೆ ಇಟ್ಟ. ಅದೇ.

"ಇದು ಜಾಸ್ತಿ ಕೊಡ್ತಿದೆಯಲ್ಲಮ್ಮ."

"ಗೊತ್ತು," ಎಂದಳು ಮುದುಕಿ. "ನಾನೇ ಹಂಗೆ ಇಡಿಸಿರೋದು. ಜಾಸ್ತಿ ಕೊಟ್ರೆ ನಿಮಗೇನು ಕಷ್ಟ?"

"ಕಡಿಮೆ ಆದ್ರೂ ತಪ್ಪೇ, ಜಾಸ್ತಿ ಆದ್ರೂ ತಪ್ಪೇ. ಧರ್ಮ ಮಾಡೋದಿದ್ರೆ ತೂಕ ಮಾಡಿ ಆಮೇಲೆ ಒಂದು ಹಿಡಿ ಹಾಕಿ."

"ಧರ್ಮಾನಾ?" ಅವಳು ನಕ್ಕಳು, ಬಾಯಲ್ಲಿ ಎರಡೇ ಹಲ್ಲು. "ಧರ್ಮ ಯಾರು ಮಾಡಿದ್ರು ಸ್ವಾಮಿ? ಮನೆಗೆ ಹೋಗಿ ತೂಕ ಹಾಕಿ ನೋಡೋ ಜನ ಇರ್ತಾರೆ. ಒಂದು ಮೊಳೆ ಕಡಿಮೆ ಬಂದ್ರೆ ಬೀದಿಯೆಲ್ಲ ಕೇಳೋ ಹಂಗೆ ಕೂಗಾಡ್ತಾರೆ. ಅವರ ಬಾಯಿಗೆ ಹೆದರಿ ಕೊಡೋದು ಇದು. ನನ್ನ ಗಂಡನೂ ಅಂಥೋರೇ ಆಗಿದ್ರು, ಅಭ್ಯಾಸ ಆಗ್ಬಿಟ್ಟಿದೆ."

ಅವನು ಯಂತ್ರವನ್ನು ಎತ್ತಿಸಿಕೊಂಡು ಹೊರಟ. ನಿಯಮವೆಂದರೆ ನಿಯಮ. ಆದರೆ ಮುದುಕಿಯ ಮಾತು ಬೀದಿಗೂ ಅವನ ಜೊತೆಗೇ ಬಂತು. ತನ್ನ ಮನೆಯಲ್ಲಿ ತನಗೆ ಸಿಗುತ್ತಿರುವುದರಲ್ಲಿ ಯಾವುದು ಸರಿಯಾದ ತೂಕದ್ದು? ಕೇರಮ್ ಆಟದಲ್ಲಿ ಮಗಳು ಪ್ರತಿ ಸಲ ಕೊನೆಯ ಕಾಯಿಯನ್ನು ತಪ್ಪಿಸುತ್ತಾಳೆ. ಅವನು ಹೇಳಿದ ಜೋಕಿಗೆ ಹೆಂಡತಿ ಜೋಕು ಮುಗಿಯುವ ಮೊದಲೇ ನಗುತ್ತಾಳೆ. ಸಾರು ಚೆನ್ನಾಗಿಲ್ಲ ಎಂದು ಅವನು ಅಂದ ದಿನ ಅವಳೂ ಮಗಳೂ ಒಂದೇ ಬಾಯಿಯಲ್ಲಿ ಹೌದು ಹೌದು ಎನ್ನುತ್ತಾರೆ. ಮೊದಲು ಇದನ್ನೆಲ್ಲ ಅವನು ಹೊಂದಾಣಿಕೆ ಎನ್ನುತ್ತಿದ್ದ. ವರ್ಷಗಳ ಹಿಂದಿನ ಆ ಒಂದು ದಿನದ ನಂತರವೇ ಶುರುವಾದದ್ದು ಇದು ಎಂಬ ಯೋಚನೆ ಬಂದದ್ದೇ ಅವನು ಬೇಗ ಬೇಗ ನಡೆದ, ನಡೆದರೆ ಹಿಂದೆ ಬೀಳುತ್ತದೆಯೇನೋ ಎಂದು. ಬೀಳಲಿಲ್ಲ. ಆ ದಿನ ಮೇಲಧಿಕಾರಿ ಸಭೆ ಕರೆದು, ಎಲ್ಲರೆದುರು ಅವನ ವರದಿಯ ಒಂದು ತಪ್ಪನ್ನು ಗಟ್ಟಿಯಾಗಿ ಓದಿಸಿ, ಹೊತ್ತು ಮೀರಿ ಬಿಟ್ಟಿದ್ದ. ಮನೆಗೆ ಬಂದಾಗ ಪರದೆಯ ತುಂಬ ಕಪ್ಪು ನೀರು. ವಿಮಾನ ಊರನ್ನು ದಾಟಿ, ಹೋಗಿ ಹೋಗಿ, ಎಣ್ಣೆ ಮುಗಿದು ಸಮುದ್ರಕ್ಕೆ ಬಿದ್ದಿತ್ತು. ಮಗಳು ಆಗ ಪುಟ್ಟವಳು, ಬಲಗಡೆಯ ಕುರ್ಚಿಯಲ್ಲಿ ಕೂತಿದ್ದಳು, ಕಣ್ಣು ಕೆಂಪಾಗಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದಳು. ಈ ಕೋಣೆಗೆ ಬಂದರೆ ಕೈ ಹಾಗೇ ಇಟ್ಟುಕೊಂಡಿರಬೇಕು, ಏನನ್ನೂ ಮುಟ್ಟಬಾರದು ಎಂದು ಅವನೇ ಕಲಿಸಿದ್ದ. "ಕೆಳಗೆ ಹೋಗ್ತಾ ಇತ್ತು ಅಪ್ಪಾ," ಎಂದಳು, "ಕೆಂಪು ದೀಪ ಹತ್ಕೊಂಡು ಕೂಗ್ತಾನೇ ಇತ್ತು." ಅವನು ಏನಂದ? "ನೋಡ್ಕೊಂಡು ಕೂತಿದ್ಯಾ? ಒಂದು ಗುಂಡಿ ಒತ್ತಕ್ಕೆ ಆಗ್ಲಿಲ್ವಾ ನಿಂಗೆ?" ಅದು ಬಾಯಿಂದ ಬಂತು. ಮೇಲಧಿಕಾರಿಯ ಧ್ವನಿಯಲ್ಲೇ ಬಂತು. ಆಮೇಲೆ ಅವನು ಊಟ ಬಿಟ್ಟ, ತಿಂಗಳಿಡೀ ಮನೆಯಲ್ಲಿ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಮುಟ್ಟಬೇಡ ಎಂದವನೂ ತಾನೇ, ಯಾಕೆ ಮುಟ್ಟಲಿಲ್ಲ ಎಂದವನೂ ತಾನೇ ಎಂಬುದು ಅವನಿಗೆ ಅವತ್ತೇ ಹೊಳೆದಿತ್ತು. ಹೇಳಲು ಮಾತ್ರ ಯಾವ ದಿನವೂ ಸರಿಯಾದ ದಿನವೆನಿಸಲಿಲ್ಲ.

ಸಂಜೆ ಅವನು ಬೇಕೆಂದೇ ಬಸ್ಸು ಬಿಟ್ಟ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತು, ಮನೆಯ ಕಡೆಯ ಬಸ್ಸು ಬಂದಾಗಲೆಲ್ಲ ಬೇರೆ ಕಡೆ ನೋಡಿದ. ಪರೀಕ್ಷೆ ಸರಳವಾಗಿತ್ತು. ಮನೆಯವರು ಪ್ರಾಮಾಣಿಕರಾಗಿದ್ದರೆ ವಿಮಾನ ಇಷ್ಟು ಹೊತ್ತಿಗೆ ಊರು ದಾಟಿ ಹೋಗಿರುತ್ತದೆ, ಇನ್ನು ಸ್ವಲ್ಪ ಹೊತ್ತಿಗೆ ಸಮುದ್ರಕ್ಕೆ ಬೀಳುತ್ತದೆ. ಅವನು ಸುಖವಾಗಿ ನಂಬಬಹುದು. ಬೀಳದೆ ಅವನಿಗಾಗಿ ಕಾಯುತ್ತಿದ್ದರೆ ಮನೆ ತುಂಬ ಮೋಸ. ತಾನು ಎಂದೂ ಬೀಳಬಾರದೆಂದು ಬಯಸಿದ ವಿಮಾನ ಬೀಳಲಿ ಎಂದು ಹಾರೈಸುತ್ತ ಕೂತಿರುವುದು ಅವನಿಗೇ ವಿಚಿತ್ರವೆನಿಸಿತು. ಪಕ್ಕದಲ್ಲಿದ್ದ ಹೆಂಗಸು "ಯಾವ ಬಸ್ಸಿಗೆ ಕಾಯ್ತಿದ್ದೀರಿ?" ಎಂದಳು. "ಯಾವುದಕ್ಕೂ ಇಲ್ಲ," ಎಂದ. ಅವಳು ಸ್ವಲ್ಪ ಸರಿದು ಕೂತಳು.

ಮನೆಯ ಕಟ್ಟಡದ ಹತ್ತಿರ ಬಂದಾಗ ಮುಂದಿನ ಬಾಲ್ಕನಿಯಲ್ಲಿ ಹೆಂಡತಿ ರಸ್ತೆ ನೋಡುತ್ತ ನಿಂತಿದ್ದು ದೂರದಿಂದಲೇ ಕಾಣಿಸಿತು. ಅಲ್ಲಿ ಅವಳು ದಿನಾ ನಿಂತಿರುತ್ತಾಳೆ. ತನ್ನನ್ನು ಕಾಯುತ್ತಾಳೆ ಎಂದುಕೊಂಡಿದ್ದ. ಕಾಯುವುದಲ್ಲ, ಕಾವಲು ಎಂದು ಈಗ ಅನಿಸಿತು. ಅವನು ಗೋಡೆಯ ಮರೆಯಲ್ಲಿ ಸುತ್ತಿಬಳಸಿ, ಕಸದ ಡಬ್ಬಿಗಳ ನಡುವೆ ನುಸುಳಿ, ಹಿಂದಿನ ಮೆಟ್ಟಿಲು ಹತ್ತಿದ. ತನ್ನ ಮನೆಗೆ ತಾನೇ ಕಳ್ಳನಂತೆ. ಕೋಣೆಯ ಕಿಟಕಿ ಮೆಟ್ಟಿಲ ತಿರುವಿಗೆ ತೆರೆಯುತ್ತದೆ. ಕಿಟಕಿಯ ಬಟ್ಟೆ ಎಳೆದಿತ್ತು, ಒಳಗೆ ವಿಮಾನದ ಇಂಜಿನ್ನಿನ ಸದ್ದು ಇರಲಿಲ್ಲ. ನಿಂತಿದೆ! ಅವನಿಗೆ ಒಂದು ಕ್ಷಣ ಗೆದ್ದ ಖುಷಿಯಾಯಿತು. ಮೇಣ ಸಿಕ್ಕಾಗ, ಅಯಸ್ಕಾಂತ ಸಿಕ್ಕಾಗ ಆಗುವಂಥದ್ದೇ. ಅಷ್ಟರಲ್ಲಿ ಒಳಗಿನಿಂದ ಮಗಳ ಧ್ವನಿ, ವಿಮಾನದ ಗಗನಸಖಿಯರ ರಾಗದಲ್ಲಿ:

"ಪ್ರಯಾಣಿಕರ ಗಮನಕ್ಕೆ. ನಮ್ಮ ಕ್ಯಾಪ್ಟನ್ ಇನ್ನೂ ಬಸ್ ಸ್ಟಾಪಿನಲ್ಲಿದ್ದಾರೆ. ಅವರು ಬರೋ ತನಕ ವಿಮಾನ ಆಕಾಶದಲ್ಲೇ ನಿಂತಿರುತ್ತೆ. ದಯವಿಟ್ಟು ಯಾರೂ ಕೆಳಗೆ ಇಣುಕಬೇಡಿ. ಭಯ ಆದವರು ಪಕ್ಕದವರ ಕೈ ಹಿಡ್ಕೊಳ್ಳಿ."

ಹೆಂಡತಿ ಬಾಲ್ಕನಿಯಿಂದ ಒಳಗೆ ಬಂದಿರಬೇಕು. "ಸಾಕು ಕಣೇ, ನಕ್ಕು ನಕ್ಕು ಹೊಟ್ಟೆ ನೋಯ್ತಿದೆ," ಎಂದಳು. ಅವಳು ಹೀಗೆ ನಗುವುದು ಅವನಿಗೆ ಮರೆತೇಹೋಗಿತ್ತು. ಆಮೇಲೆ ನಗು ಇಳಿಯಿತು. "ಯಾಕೋ ಇವತ್ತು ಬಹಳ ತಡ ಆಯ್ತಲ್ಲೇ. ಫೋನ್ ಮಾಡ್ಲಾ?"

"ಬೇಡಮ್ಮ. ಯಾಕ್ ಮಾಡಿದ್ರಿ ಅಂತಾರೆ."

"ಮುಂದಿನ ವರ್ಷ ನೀನು ಹಾಸ್ಟೆಲಿಗೆ ಹೋದ್ರೆ ಇದನ್ನ ಯಾರು ನೋಡೋದು? ನನಗೆ ಈ ಗುಂಡಿಗಳು ಒಂದೂ ತಿಳಿಯಲ್ಲ."

"ಒಂದೇ ಗುಂಡಿ. ತೋರಿಸ್ಕೊಡ್ತೀನಿ." ಆಮೇಲೆ ಮಗಳು, "ಒಂದಿನ ಬಿದ್ರೆ ಬೀಳ್ಲಿ ಬಿಡಮ್ಮ," ಎಂದಳು.

"ಬೇಡ. ಆ ಮುಖ ನನಗೆ ಇನ್ನೊಂದ್ ಸಲ ನೋಡಕ್ಕಾಗಲ್ಲ."

ಭಾಮೈದ ಎಲ್ಲೂ ಇರಲಿಲ್ಲ. ಯಾವ ಮೋಸವನ್ನು ಹಿಡಿಯಲು ಅವನು ಕಸದ ಡಬ್ಬಿಗಳ ನಡುವೆ ನುಸುಳಿ ಬಂದನೋ, ಅದು ಇಷ್ಟೇ: ಇಬ್ಬರು ಹೆಂಗಸರು, ಅವನ ಮುಖಕ್ಕೆ ಹೆದರಿ, ಸೂರ್ಯನನ್ನು ಹಿಡಿದು ನಿಲ್ಲಿಸಿದ್ದರು. ಒಂದು ದಿನವಲ್ಲ, ಮಗಳು ಪುಟ್ಟವಳಿದ್ದಾಗಿನಿಂದ ಕಾಲೇಜು ಸೇರುವ ತನಕ. ಎಷ್ಟು ಸಲ ಮೀಸೆ ತಿರುವಿಲ್ಲ ಅವನು, ಎಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿ ಬಿಡ್ತೀನಿ ನೋಡಿ, ನಾನು ಕಾಲಿಡೋಕೂ ಇಳಿಯೋ ಜಾಗ ಬರೋಕೂ ಸರಿಹೋಗತ್ತೆ ಎಂದು. ಅವರು ಹೌದು ಹೌದು ಎಂದಿದ್ದರು. ಬಾಗಿಲು ತಳ್ಳಿಕೊಂಡು ಒಳನುಗ್ಗಿ ಕೂಗಾಡಬೇಕೆನಿಸಿತು, ಅದರ ಹಿಂದೆಯೇ ಅಲ್ಲೇ ಮೆಟ್ಟಿಲ ಮೇಲೆ ಕೂತು ಅಳಬೇಕೆನಿಸಿತು. ಎಲ್ಲಕ್ಕಿಂತ ಹೆಚ್ಚಾಗಿ, ಮಗಳು ಇನ್ನೊಮ್ಮೆ ಆ ರಾಗದಲ್ಲಿ ಮಾತಾಡಲಿ, ಹೆಂಡತಿ ಇನ್ನೊಮ್ಮೆ ಹಾಗೆ ನಗಲಿ ಎಂದು ಆಸೆಯಾಯಿತು. ತಾನು ಒಳಗೆ ಹೋದರೆ ವಿಮಾನ ಹೊರಡುತ್ತದೆ, ಇದು ನಿಲ್ಲುತ್ತದೆ.

ಅವನು ಸದ್ದಾಗದಂತೆ ಕೆಳಗಿಳಿದ. ಮತ್ತೆ ಗೋಡೆ ಸುತ್ತಿ, ರಸ್ತೆಯ ತುದಿಯ ತನಕ ಹಿಂದೆ ಹೋಗಿ, ಅಲ್ಲಿಂದ ಬಾಲ್ಕನಿಗೆ ಚೆನ್ನಾಗಿ ಕಾಣುವಂತೆ ರಸ್ತೆಯ ನಟ್ಟನಡುವೆ ನಿಧಾನವಾಗಿ ನಡೆದು ಬಂದ. ಮತ್ತೆ ಬಾಲ್ಕನಿಗೆ ಬಂದು ನಿಂತಿದ್ದ ಹೆಂಡತಿ ಸರ್ರನೆ ಒಳಗೆ ಸರಿದಳು. ಮೆಟ್ಟಿಲಲ್ಲಿ ಅವನು ಬೇಡದಿದ್ದರೂ ಕೆಮ್ಮಿದ, ಬೀಗದ ಕೈಯನ್ನು ಒಮ್ಮೆ ಕೆಳಗೆ ಬೀಳಿಸಿ ಎತ್ತಿಕೊಂಡ. ಬಾಗಿಲು ತೆಗೆದಾಗ ಇಂಜಿನ್ನು ಗುಂಯ್‌ಗುಡುತ್ತಿತ್ತು. ಹೆಂಡತಿ ಒಲೆಯ ಮುಂದಿದ್ದಳು, ಮಗಳು ಸೋಫಾದ ಮೇಲೆ ಪುಸ್ತಕ ಬಿಡಿಸಿಕೊಂಡಿದ್ದಳು.

"ಸರಿಯಾದ ಟೈಮಿಗೆ ಬಂದ್ರಿ," ಎಂದಳು ಹೆಂಡತಿ, ಬೆನ್ನು ತಿರುಗಿಸಿಕೊಂಡೇ.

ಅವನು ಕೋಣೆಗೆ ಹೋಗಿ ಕೂತ. ಪರದೆಯಲ್ಲಿ ಸೂರ್ಯ ಒಂದು ಗೇಣಲ್ಲ, ಎರಡು ಗೇಣು ಮೇಲಿದ್ದ. ಕಿಟಕಿಯ ಹೊರಗೆ ಬೀದಿದೀಪ ಆಗಲೇ ಹತ್ತಿತ್ತು. ಗುಂಡಿಯ ಮೇಲಿನ ಪೌಡರು ಅಳಿಸಿಹೋಗಿತ್ತು. ಅವನು ಅದನ್ನು ಬೆಳಿಗ್ಗೆ ಹಾಕಿದ್ದನ್ನೇ ಮರೆತಿದ್ದ. ಬಲಗಡೆಯ ಕುರ್ಚಿಯ ಬಟ್ಟೆಗಳನ್ನು ತೆಗೆದು ನೆಲಕ್ಕೆ ಹಾಕಿ, "ಪುಟ್ಟಿ, ಇಲ್ಲಿ ಬಾ," ಎಂದ.

ಮಗಳು ಬಾಗಿಲಲ್ಲಿ ಬಂದು ನಿಂತಳು. "ಯಾಕಪ್ಪಾ?"

"ಸುಮ್ನೆ. ಬಂದು ಕೂತ್ಕೋ."

"ಯಾಕೆ?"

ಆ ಯಾಕೆ ಅವನದೇ. ಬೆಳಿಗ್ಗೆ ಅವನು ಹೆಂಡತಿಗೆ ಅಂದದ್ದೂ ಹೀಗೆಯೇ ಇತ್ತು. ಒಂದು ಮಾತು ಹೇಳಿಬಿಡಬೇಕು, ಅವತ್ತು ನಿನ್ನದೇನೂ ತಪ್ಪಿರಲಿಲ್ಲ ಎಂದು, ಅಷ್ಟೇ. ನಾಲಿಗೆಯ ತುದಿಗೆ ಬಂತು. ಹೇಳಿದರೆ ಇವತ್ತೇ ಯಾಕೆ ಹೇಳಿದ ಎಂದು ಅವಳು ಯೋಚಿಸುತ್ತಾಳೆ, ಕಿಟಕಿಯ ಕಡೆ ನೋಡುತ್ತಾಳೆ, ಅವನು ಹೊರಗೆ ನಿಂತು ಕೇಳಿದ್ದು ಗೊತ್ತಾಗಿಬಿಡುತ್ತದೆ. ಅವಳು ಬಂದು ಕುರ್ಚಿಯ ಅಂಚಿನಲ್ಲಿ ಕೂತಳು. ಕೂತ ಕೂಡಲೇ ಎರಡೂ ಕೈಗಳು ತಮ್ಮಷ್ಟಕ್ಕೆ ತೊಡೆಯ ಕೆಳಗೆ ಹೋದವು. ವಿಮಾನ ಇಳಿಯತೊಡಗಿತು. ಕೆಳಗೆ ಊರಿನ ಗೆರೆ ಕಂಡಿತು. "ಚಕ್ರ ನೀನು ಇಳಿಸು," ಎಂದ ಅವನು.

"ನನಗೆ ಬರಲ್ಲ. ಯಾವುದು?"

ಅಷ್ಟರಲ್ಲೇ ಅವಳ ಬಲಗೈ ಹೊರಗೆ ಬಂದು ನೇರವಾಗಿ ಕಪ್ಪು ಹಿಡಿಯ ಕಡೆ ಹೋಗಿ, ಅರ್ಧಕ್ಕೆ ತಡೆದು ನಿಂತಿತ್ತು. ತೋರುಬೆರಳ ತುದಿಯಲ್ಲಿ ಬಿಳಿ ಹತ್ತಿತ್ತು. ಅವಳೂ ಅದನ್ನು ನೋಡಿದಳು. ಬೆರಳನ್ನು ಹೆಬ್ಬೆರಳಿಗೆ ಉಜ್ಜಿ, ಮೂಗಿನ ಹತ್ತಿರ ತಂದು ಮೂಸಿದಳು. ಅಮ್ಮನ ಪೌಡರು. ಗುಂಡಿಯ ಕಡೆ ನೋಡಿದಳು, ಆಮೇಲೆ ಅವನ ಕಡೆ. ಅವನು ಆ ನೋಟವನ್ನು ಎಷ್ಟೋ ಅಂಗಡಿಗಳಲ್ಲಿ ಕಂಡಿದ್ದ, ಎದುರಿಸಿದ್ದ. ಇವತ್ತು ಆಗಲಿಲ್ಲ. ಅವನು ಮುಖ ತಿರುಗಿಸಿ ಎಡಗಡೆಯ ಖಾಲಿ ಗೋಡೆ ನೋಡಿದ. ಕಪ್ಪು ಹಿಡಿ ಖಟ್ ಎಂದು ಕೆಳಗೆ ಬಿದ್ದ ಸದ್ದು ಕೇಳಿಸಿತು.

"ಸರಿಯಾಗಿ ಹಾಕಿದ್ನಾ?" ಎಂದಳು.

"ಸರಿಯಾಗಿದೆ," ಎಂದ. ಚಕ್ರ ಇಳಿದದ್ದನ್ನು ತೋರಿಸುವ ಹಸಿರು ದೀಪಗಳನ್ನು ನೋಡದೆಯೇ ಹೇಳಿದ. ಪರೀಕ್ಷಿಸದೆ ಅವನು ಯಾವುದನ್ನಾದರೂ ಸರಿಯಿದೆ ಎಂದದ್ದು ಇದೇ ಮೊದಲು.

ಅವಳು ನಂಬಲಿಲ್ಲ. ಬಗ್ಗಿ ದೀಪಗಳನ್ನು ಒಂದೊಂದಾಗಿ ತಾನೇ ನೋಡಿದಳು. ನೋಡಿ, ಕೈಯನ್ನು ಮತ್ತೆ ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಕಪ್ಪು ಹಿಡಿಯ ಮೇಲೆ ಅವಳ ಬೆರಳಿನ ಬಿಳಿ ಗುರುತು ಉಳಿದಿತ್ತು. ಅದನ್ನು ಒರೆಸಬೇಕೆಂದು ಅವನಿಗೆ ತುಂಬಾ ಅನಿಸಿತು. ವಿಮಾನ ನೆಲದ ಹತ್ತಿರ ಬಂದಿತ್ತು, ಕೈ ಬಿಡುವಂತಿರಲಿಲ್ಲ.